ಬೀಜಕಣಕ್ಕೆ ಬೇಲಿಯಿಲ್ಲ

ಆಷಾಢದ ಮಳೆ ಎರಡು ದಿನ ಬಿಡುವು ಕೊಟ್ಟರೆ ಸಾಕು, ಅಡಿಕೆ ಸೀಮೆಯ ಕಣಿವೆಗಳಲ್ಲಿ ಗಡಿಬಿಡಿ ಆರಂಭವಾಗುತ್ತದೆ. ಮೈಲುತುತ್ತ ಕರಗಿಸುವವರು, ಸುಣ್ಣದ ಹಾಲು ಸೋಸುವವರು, ಕೊನೆಗೌಡರ ಮನೆಬಾಗಿಲಿಗೆ ಅಲೆಯುವವರು. ಸಂಜೆಯೊಳಗೆ ಮದ್ದು ಹೊಡೆದು ಮುಗಿಸದಿದ್ದರೆ ಮತ್ತೆ ಯಾವಾಗ ಬಿಸಿಲು ಕಂಡೀತೋ ಎಂಬ ಆತಂಕ ಎಲ್ಲರ ಮುಖದಲ್ಲಿಯೂ ಇರುತ್ತದೆ. ವರ್ಷದ ಅನ್ನ ಆ ಎರಡು ದಿನಗಳ ಬಿಸಿಲನ್ನು ನಂಬಿಕೊಂಡಿರುತ್ತದೆ.

ಕಳೆದ ಮಳೆಗಾಲದಲ್ಲಿ ನಮ್ಮೂರಿನ ಹಿರಿಯ ಕೃಷಿಕರೊಬ್ಬರು ಮೂರು ಬಾರಿ ಬೋರ್ಡೋ ದ್ರಾವಣ ಹೊಡೆಸಿದರು. ಸಾಲ ಮಾಡಿ ಹೊಡೆಸಿದರು. ಆದರೂ ಶ್ರಾವಣದ ಹೊತ್ತಿಗೆ ಅವರ ತೋಟದ ಮೇಲ್ಭಾಗದ ಅಂಚಿನಲ್ಲಿ ಕೊಳೆ ಅಡಿಕೆ ಉದುರತೊಡಗಿತು. ಆ ಅಂಚಿನ ಅಗಳದಾಚೆ ಒಂದು ಪಾಳುತೋಟವಿದೆ. ಅದರ ಒಡೆಯರು ಊರು ಬಿಟ್ಟು ಹತ್ತು ವರ್ಷವಾಯಿತು. ಹಿಂದಿನ ವರ್ಷದ ಒಣಗಿದ ಕೊನೆಗಳು ಅಲ್ಲಿ ಮರದಲ್ಲಿಯೇ ಇದ್ದವು, ಉದುರಿದ ಕಾಯಿ ನೆಲದಲ್ಲಿಯೇ ಕೊಳೆತಿತ್ತು, ಬಸಿಗಾಲುವೆ ಮುಚ್ಚಿಹೋಗಿತ್ತು. ಊರಿನ ಸಭೆಯಲ್ಲಿ ಆ ಹಿರಿಯರು ಕೇಳಿದ್ದು ಒಂದೇ ಪ್ರಶ್ನೆ: “ನಾನು ಮಾಡಬೇಕಾದ್ದನ್ನೆಲ್ಲ ಮಾಡಿದೆ. ತಪ್ಪಿದ್ದೆಲ್ಲಿ?”

ಅಂದು ಯಾರೂ ಅವರಿಗೆ ನೇರವಾದ ಉತ್ತರ ಕೊಡಲಿಲ್ಲ. ನಾನೂ ಕೊಡಲಿಲ್ಲ. ಈಗ ಹೇಳಬಹುದೆನಿಸುತ್ತದೆ: ತಪ್ಪು ಅವರದಲ್ಲ, ಊರಿನದು. ರೋಗದ ವಿರುದ್ಧ ನಾವು ಒಬ್ಬೊಬ್ಬರಾಗಿ, ನಮ್ಮ ನಮ್ಮ ಬೇಲಿಯೊಳಗೆ ಹೋರಾಡುತ್ತಿದ್ದೇವೆ. ಆದರೆ ಶಿಲೀಂಧ್ರದ ಬದುಕಿನಲ್ಲಿ ಬೇಲಿ ಎಂಬುದೇ ಇಲ್ಲ. ಅದು ಹೇಗೆ ಬೆಳೆಯುತ್ತದೆ, ಹೇಗೆ ಹರಡುತ್ತದೆ ಎಂಬುದನ್ನು ತಿಳಿಯದೆ ಮದ್ದನ್ನು ಮಾತ್ರ ಹೆಚ್ಚಿಸುತ್ತ ಹೋದರೆ ತೋಟವೂ ಉಳಿಯದು, ನಮಗೆ ನೆರವಾಗುವ ಶಿಲೀಂಧ್ರಗಳೂ ಉಳಿಯವು.

ಕಾಣದಿರುವುದೇ ಹೆಚ್ಚು

ಶಿಲೀಂಧ್ರವೆಂದರೆ ನಮ್ಮ ಕಣ್ಣಿಗೆ ಬೀಳುವುದು ಮೊದಲ ಮಳೆಗೆ ಹುತ್ತದ ಬಳಿ ಏಳುವ ಅಣಬೆ, ಹಳಸಿದ ರೊಟ್ಟಿಯ ಮೇಲಿನ ಬೂಷ್ಟು, ಮಳೆಗಾಲದಲ್ಲಿ ಚಪ್ಪಲಿ ಮತ್ತು ಪುಸ್ತಕಗಳ ಮೇಲೆ ಹಬ್ಬುವ ಬಿಳಿಯ ಪುಡಿ. ಇವೆಲ್ಲ ಅದರ ದೇಹದ ಒಂದು ಸಣ್ಣ ಅಂಶ ಮಾತ್ರ. ಅಣಬೆಯು ಮಾವಿನ ಮರಕ್ಕೆ ಮಾವಿನ ಹಣ್ಣಿದ್ದಂತೆ. ಮರವೇ ನೆಲದೊಳಗಿದೆ, ಅಥವಾ ಕೊಳೆತ ಕೊರಡಿನೊಳಗಿದೆ.

ಈ ದೇಹವು ಅತಿ ಸೂಕ್ಷ್ಮವಾದ ತಂತುಗಳಿಂದಾದುದು. ಒಂದೊಂದು ತಂತುವೂ ತಲೆಗೂದಲಿಗಿಂತ ಹತ್ತು ಪಟ್ಟು ತೆಳು. ತಂತು ತನ್ನ ತುದಿಯಲ್ಲಿ ಮಾತ್ರ ಬೆಳೆಯುತ್ತದೆ, ಕವಲೊಡೆಯುತ್ತದೆ, ಮತ್ತೊಂದು ತಂತುವನ್ನು ಸೇರಿ ಜಾಲವಾಗುತ್ತದೆ. ಸೊಪ್ಪಿನ ಬೆಟ್ಟದಲ್ಲಿ ಹಸಿಯಾದ ದರಕಿನ ಪದರವನ್ನು ಮೆಲ್ಲನೆ ಎತ್ತಿ ನೋಡಿದರೆ ಎಲೆಯಿಂದ ಎಲೆಗೆ ಹೊಲಿಗೆ ಹಾಕಿದಂತೆ ಬಿಳಿಯ ನೂಲುಗಳು ಕಾಣುತ್ತವೆ. ಕಣ್ಣಿಗೆ ಕಾಣುವ ಆ ನೂಲು ನೂರಾರು ತಂತುಗಳು ಹೊಸೆದುಕೊಂಡಿರುವ ಹಗ್ಗ. ಅಮೆರಿಕದ ಒರೆಗಾನ್ ರಾಜ್ಯದ ಒಂದು ಕಾಡಿನಲ್ಲಿ ಒಂದೇ ಶಿಲೀಂಧ್ರದ ಜಾಲವು ಸುಮಾರು 965 ಹೆಕ್ಟೇರ್ ಹರಡಿಕೊಂಡಿರುವುದನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಅದರ ವಯಸ್ಸನ್ನು ಸಾವಿರಾರು ವರ್ಷಗಳೆಂದು ಅಂದಾಜಿಸಲಾಗಿದೆ.

ಹಳೆಯ ಪಠ್ಯಪುಸ್ತಕಗಳು ಶಿಲೀಂಧ್ರವನ್ನು ಸಸ್ಯಗಳ ಸಾಲಿನಲ್ಲಿಟ್ಟಿದ್ದವು. ಇಂದು ಅದನ್ನು ಪ್ರತ್ಯೇಕ ಸಾಮ್ರಾಜ್ಯವೆಂದು ಪರಿಗಣಿಸುತ್ತಾರೆ. ಅದರಲ್ಲಿ ಪತ್ರಹರಿತ್ತಿಲ್ಲ, ಬಿಸಿಲಿನಿಂದ ಆಹಾರ ತಯಾರಿಸಿಕೊಳ್ಳಲಾರದು. ಅದರ ಜೀವಕೋಶದ ಗೋಡೆಯಲ್ಲಿರುವುದು ಏಡಿ, ಸಿಗಡಿ, ಜೀರುಂಡೆಗಳ ಚಿಪ್ಪಿನಲ್ಲಿರುವ ಕೈಟಿನ್ ಎಂಬ ವಸ್ತು. ವಂಶಾವಳಿಯಲ್ಲಿ ಅದು ಗಿಡಗಳಿಗಿಂತ ಪ್ರಾಣಿಗಳಿಗೇ ಹತ್ತಿರ. ನಾವು ಆಹಾರವನ್ನು ನುಂಗಿ ಹೊಟ್ಟೆಯೊಳಗೆ ಜೀರ್ಣಿಸಿಕೊಳ್ಳುತ್ತೇವೆ. ಶಿಲೀಂಧ್ರವು ಆಹಾರದೊಳಗೇ ಹೊಕ್ಕು, ಜೀರ್ಣರಸವನ್ನು ಹೊರಗೆ ಸುರಿಸಿ, ಕರಗಿದ್ದನ್ನು ಹೀರಿಕೊಳ್ಳುತ್ತದೆ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತುವನ್ನು ಪೂರ್ಣವಾಗಿ ಒಡೆಯಬಲ್ಲ ಜೀವಿಗಳಲ್ಲಿ ಶಿಲೀಂಧ್ರಗಳೇ ಮುಖ್ಯವಾದವು. ಅವು ಇಲ್ಲದಿದ್ದರೆ ನಮ್ಮ ಕಾಡುಗಳಲ್ಲಿ ಬಿದ್ದ ಮರ ಬಿದ್ದಲ್ಲಿಯೇ ಇರುತ್ತಿತ್ತು, ಮಣ್ಣಿಗೆ ಮರಳುತ್ತಿರಲಿಲ್ಲ.

ಆದ್ದರಿಂದ “ಶಿಲೀಂಧ್ರನಾಶಕ” ಎಂಬ ಪದವನ್ನು ಉಚ್ಚರಿಸುವಾಗ ನಾವು ತುಸು ನಿಂತು ಯೋಚಿಸಬೇಕು. ಯಾವ ಶಿಲೀಂಧ್ರದ ನಾಶ? ಇದುವರೆಗೆ ಹೆಸರಿಟ್ಟು ವಿವರಿಸಿರುವ ಶಿಲೀಂಧ್ರಗಳೇ ಸುಮಾರು ಒಂದೂವರೆ ಲಕ್ಷ. ಭೂಮಿಯ ಮೇಲೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಇರಬಹುದೆಂಬ ಅಂದಾಜಿದೆ. ಅವುಗಳಲ್ಲಿ ನಮ್ಮ ಬೆಳೆಗೆ ಕೇಡು ಮಾಡುವವು ಕೆಲವೇ.

ಈಜುವುದು, ಸಿಡಿಯುವುದು, ಹಾರುವುದು

ಕೇಡು ಮಾಡುವವುಗಳನ್ನು ಒಂದೊಂದಾಗಿ ಅರಿತುಕೊಳ್ಳುವುದು ಅಗತ್ಯ. ಏಕೆಂದರೆ ಎಲ್ಲವೂ ಒಂದೇ ದಾರಿಯಲ್ಲಿ ಬರುವುದಿಲ್ಲ.

ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಫೈಟಾಫ್ತೊರ ನಿಜವಾದ ಶಿಲೀಂಧ್ರವೇ ಅಲ್ಲ. ತಂತುಗಳಾಗಿ ಬೆಳೆಯುವುದರಿಂದ ಹಿಂದಿನವರು ಅದನ್ನು ಆ ಗುಂಪಿಗೆ ಸೇರಿಸಿದರು; ಈಗ ಅದು ಕಂದು ಪಾಚಿಗಳ ದೂರದ ನಂಟನೆಂದು ತಿಳಿದಿದೆ. 1845ರಿಂದ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ಕೊಳೆಯಿಸಿ ಸುಮಾರು ಹತ್ತು ಲಕ್ಷ ಜನರ ಸಾವಿಗೆ ಕಾರಣವಾದದ್ದು ಇದೇ ಕುಲದ ಮತ್ತೊಂದು ಜೀವಿ. ಕಾಳುಮೆಣಸಿನ ಶೀಘ್ರ ಸೊರಗು ರೋಗವೂ ಈ ಕುಟುಂಬದ್ದೇ. ಇದರ ಬೀಜಕಣಗಳಿಗೆ ಬಾಲವಿದೆ, ನೀರಿನ ತೆಳುಪದರದಲ್ಲಿ ಈಜಬಲ್ಲವು. ಮಳೆಹನಿಯೊಡನೆ ಸಿಡಿದು, ಗಾಳಿಮಳೆಯೊಡನೆ ತೂರಿ, ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೋಗುತ್ತವೆ. ಮಳೆ ಮುಗಿದ ಮೇಲೆ ರೋಗ ಸತ್ತಿತೆಂದು ನಾವು ತಿಳಿಯುತ್ತೇವೆ. ಅದು ಸಾಯುವುದಿಲ್ಲ. ಮರದಲ್ಲಿ ಒಣಗಿ ನಿಂತ ಕೊನೆಯಲ್ಲಿ, ಬುಡದಲ್ಲಿ ಬಿದ್ದ ಕೊಳೆಗಾಯಿಯಲ್ಲಿ ಮುಂದಿನ ಮಳೆಗಾಗಿ ಕಾದಿರುತ್ತದೆ. ಪಾಳುತೋಟದ ಅಂಚಿನಲ್ಲಿ ಆದದ್ದು ಇದೇ.

ಎಲೆಚುಕ್ಕಿ ರೋಗದ ಕಥೆ ಬೇರೆ. ಇದು ನಿಜವಾದ ಶಿಲೀಂಧ್ರಗಳ ಕೆಲಸ. ಕೊಲೆಟೊಟ್ರೈಕಂ ಅವುಗಳಲ್ಲಿ ಮುಖ್ಯವಾದುದು. ಎಲೆಯ ಮೇಲಿನ ಕಂದುಚುಕ್ಕಿ, ಸುತ್ತ ಹಳದಿ ಬಳೆ, ಚುಕ್ಕಿಗಳು ಕೂಡಿಕೊಂಡು ಸೋಗೆಯೇ ಒಣಗುವುದು: ಇದನ್ನು ಇಂದು ಮಲೆನಾಡಿನಲ್ಲಿ ಯಾರಿಗೂ ವರ್ಣಿಸಿ ಹೇಳಬೇಕಿಲ್ಲ. ಹಿಂದೆ ಅಲ್ಲಲ್ಲಿ ಸಣ್ಣದಾಗಿದ್ದ ಈ ರೋಗ 2020ರ ಬಳಿಕ ಕಳಸ, ಶೃಂಗೇರಿ, ತೀರ್ಥಹಳ್ಳಿ, ಹೊಸನಗರದ ಕಡೆ ಉಗ್ರವಾಯಿತು. 2022ರ ಹೊತ್ತಿಗೆ ಇಡೀ ಅಡಿಕೆ ಸೀಮೆಯ ಚಿಂತೆಯಾಯಿತು. ಮಳೆಹನಿ ಮತ್ತು ಗಾಳಿ ಇದರ ವಾಹನಗಳು. ರೋಗ ಬಂದ ಸೋಗೆ ಬುಡದಲ್ಲಿ ಬಿದ್ದಿದ್ದರೆ ಅದೇ ಮುಂದಿನ ಸೋಂಕಿನ ಮೂಲ.

ಇವೆರಡನ್ನೂ ಫೈಟೋಪ್ಲಾಸ್ಮದಿಂದ ಬರುವ ಹಳದಿ ಎಲೆ ರೋಗದೊಡನೆ ಗೊಂದಲ ಮಾಡಿಕೊಳ್ಳಬಾರದು. ಆ ರೋಗಕ್ಕೆ ಶಿಲೀಂಧ್ರನಾಶಕ ಹೊಡೆಯುವುದೆಂದರೆ ಹಣವನ್ನು ಹೊಳೆಗೆ ಸುರಿದಂತೆ.

ದೂರ ಹಾರುವ ಬೀಜಕಣಗಳ ಕಥೆಯನ್ನು ಕಾಫಿ ಸೀಮೆಯವರು ಬಲ್ಲರು. 1869ರಲ್ಲಿ ಸಿಂಹಳದ ಕಾಫಿತೋಟಗಳಲ್ಲಿ ಎಲೆಯ ಅಡಿ ಕಿತ್ತಳೆ ಬಣ್ಣದ ಪುಡಿ ಕಾಣಿಸಿಕೊಂಡಿತು. ಅದೇ ಎಲೆ ತುಕ್ಕು ರೋಗ. ಗುಡ್ಡದಿಂದ ಗುಡ್ಡಕ್ಕೆ ಕಾಡು ಕಡಿದು ಒಂದೇ ಬೆಳೆ ಹಾಕಿದ್ದ ಆ ನಾಡಿನಲ್ಲಿ ರೋಗಕ್ಕೆ ತಡೆಯೇ ಇರಲಿಲ್ಲ. ಇಪ್ಪತ್ತು ವರ್ಷ ಕಳೆಯುವುದರೊಳಗೆ ಸಿಂಹಳದ ಕಾಫಿ ಉದ್ಯಮ ನೆಲಕಚ್ಚಿತು, ಅಲ್ಲಿ ಚಹಾ ಬಂದಿತು. ರೋಗವು ನಮ್ಮ ಕೊಡಗು, ಚಿಕ್ಕಮಗಳೂರಿಗೂ ಬಂದಿತು. ಆದರೆ ಇಲ್ಲಿ ಕಾಫಿ ಉಳಿಯಿತು. ತುಕ್ಕನ್ನು ತಡೆದು ನಿಂತ ಗಿಡಗಳನ್ನು ಗುರುತಿಸಿ ಆರಿಸಿದ ಬೆಳೆಗಾರರ ಸೂಕ್ಷ್ಮದೃಷ್ಟಿಯೂ, 1925ರಲ್ಲಿ ಬಾಳೆಹೊನ್ನೂರಿನಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರದ ತಳಿಗಳೂ, ಮರದ ನೆರಳಿನಲ್ಲಿ ಮಿಶ್ರಬೆಳೆಯಾಗಿ ಕಾಫಿ ಬೆಳೆಯುವ ಪದ್ಧತಿಯೂ ಇದಕ್ಕೆ ನೆರವಾದವು.

ಸಿಂಹಳದ ಆ ಗುಡ್ಡಗಳನ್ನು ನೆನೆದು ನಮ್ಮ ಕಣಿವೆಗಳನ್ನು ನೋಡಿ. ಗದ್ದೆ ತೋಟವಾಯಿತು, ಬ್ಯಾಣ ತೋಟವಾಯಿತು, ಖುಷ್ಕಿಯೂ ತೋಟವಾಯಿತು. ಹಿಂದೆ ಒಂದು ತೋಟಕ್ಕೂ ಇನ್ನೊಂದಕ್ಕೂ ನಡುವೆ ಗದ್ದೆಬಯಲಿತ್ತು, ಕಾಡಿನ ಪಟ್ಟಿಯಿತ್ತು. ಇಂದು ಮಲೆನಾಡಿನಿಂದ ಅರೆಮಲೆನಾಡಿನ ತನಕ ಅಡಿಕೆಯ ಹಸಿರು ಕಂಬಳಿ ಎಡೆಬಿಡದೆ ಹಾಸಿದೆ. ಅಡಿಕೆಯ ಬೆಲೆ ನಮ್ಮನ್ನು ಹೀಗೆ ಮಾಡಿಸಿತು. ಯಾರನ್ನೂ ದೂರುವುದಕ್ಕಾಗಿ ಈ ಮಾತಲ್ಲ. ಆದರೆ ರೋಗಕ್ಕೆ ನಾವೇ ಹೆದ್ದಾರಿ ಹಾಕಿಕೊಟ್ಟಿದ್ದೇವೆ ಎಂಬುದನ್ನು ಒಪ್ಪಿಕೊಳ್ಳದೆ ಮುಂದಿನ ದಾರಿ ತೋರದು.

1885ರ ಎರಡು ಪಾಠಗಳು

ಶಿಲೀಂಧ್ರ ವಿಜ್ಞಾನದ ಇತಿಹಾಸದಲ್ಲಿ 1885 ಒಂದು ಮುಖ್ಯ ವರ್ಷ. ಆ ವರ್ಷ ಫ್ರಾನ್ಸಿನ ಮಿಲಾರ್ಡೆ ಎಂಬ ವಿಜ್ಞಾನಿ ಬೋರ್ಡೋ ದ್ರಾವಣವನ್ನು ಲೋಕಕ್ಕೆ ತಿಳಿಸಿದರು. ಬೋರ್ಡೋ ಸೀಮೆಯ ದ್ರಾಕ್ಷಿ ಬೆಳೆಗಾರರು ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿ ಬಳಿಯುತ್ತಿದ್ದರು. ಬಳಿದ ಬಳ್ಳಿಗಳಿಗೆ ಬೂಷ್ಟುರೋಗ ಬಾರದಿದ್ದುದನ್ನು ಮಿಲಾರ್ಡೆ ಗಮನಿಸಿದ್ದರು.

ಅದೇ ವರ್ಷ ಜರ್ಮನಿಯ ಫ್ರಾಂಕ್ ಎಂಬ ವಿಜ್ಞಾನಿ ಮತ್ತೊಂದು ಸಂಗತಿಯನ್ನು ಪ್ರಕಟಿಸಿದರು. ನೆಲದೊಳಗೆ ಬೆಳೆಯುವ ಬೆಲೆಬಾಳುವ ಅಣಬೆಯೊಂದನ್ನು ಕೃಷಿ ಮಾಡಬಹುದೇ ಎಂದು ಪರೀಕ್ಷಿಸಲು ಹೊರಟಿದ್ದ ಅವರಿಗೆ ಕಂಡದ್ದು, ಮರದ ಬೇರು ಮತ್ತು ಶಿಲೀಂಧ್ರದ ತಂತು ಒಂದೇ ಅಂಗದಂತೆ ಹೆಣೆದುಕೊಂಡಿರುವುದು. ಅದಕ್ಕೆ ಅವರು ಮೈಕೊರೈಜಾ ಎಂದು ಹೆಸರಿಟ್ಟರು. ಬೇರು ತಲುಪಲಾರದ ಸಂದುಗಳಿಗೆ ತಂತು ಹೋಗುತ್ತದೆ. ರಂಜಕವನ್ನೂ ನೀರನ್ನೂ ತಂದು ಮರಕ್ಕೆ ಕೊಡುತ್ತದೆ. ಪ್ರತಿಯಾಗಿ ಮರವು ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಕೊಡುತ್ತದೆ. ನೆಲದ ಮೇಲಿನ ಸಸ್ಯಗಳಲ್ಲಿ ಹತ್ತರಲ್ಲಿ ಎಂಟಕ್ಕಿಂತ ಕಡಿಮೆಯಿಲ್ಲದಷ್ಟು ಈ ಒಪ್ಪಂದದಲ್ಲಿ ಬದುಕಿವೆ. ಅಡಿಕೆ, ಮೆಣಸು, ಕಾಫಿ, ಏಲಕ್ಕಿ ಎಲ್ಲಕ್ಕೂ ಈ ನಂಟಿದೆ. ನಮ್ಮ ಕಾಡಿನ ಸಾಲುಧೂಪ, ಹೈಗದಂತಹ ಮರಗಳದು ಇನ್ನೂ ವಿಶೇಷವಾದ ನಂಟು. ಅವುಗಳ ಬೇರಿನ ತುದಿಗೆ ಶಿಲೀಂಧ್ರವೇ ಹೊದಿಕೆಯಾಗಿರುತ್ತದೆ.

ನಮ್ಮ ಕೃಷಿ ಮಿಲಾರ್ಡೆಯ ಪಾಠವನ್ನು ಕಲಿಯಿತು, ಫ್ರಾಂಕರ ಪಾಠವನ್ನು ಪುಸ್ತಕದಲ್ಲಿಯೇ ಬಿಟ್ಟಿತು.

ಬೋರ್ಡೋ ದ್ರಾವಣವನ್ನು ನಾನು ಹಳಿಯುತ್ತಿಲ್ಲ. ಅದಕ್ಕಿಂತ ಮೊದಲು ನಮ್ಮ ಹಿರಿಯರು ಪ್ರತಿ ಕೊನೆಗೂ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದರು. ಆ ಶ್ರಮ ಸಾಮಾನ್ಯದ್ದಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಧ್ಯಯನ ಮಾಡಿ, 1910ರಲ್ಲಿ ಅದರ ಬಗ್ಗೆ ವಿವರವಾದ ವರದಿ ಪ್ರಕಟಿಸಿದರು. ಬೋರ್ಡೋ ದ್ರಾವಣ ಮಲೆನಾಡಿನ ತೋಟಗಳಿಗೆ ಕಾಲಿಟ್ಟದ್ದು ಆ ಕಾಲದಲ್ಲಿ. ಅನೇಕ ಮನೆಗಳ ಅನ್ನವನ್ನು ಅದು ಉಳಿಸಿದೆ. ಆದರೆ ಅದು ಬಂದ ರೋಗವನ್ನು ಗುಣಪಡಿಸುವ ಮದ್ದಲ್ಲ. ಬೀಜಕಣ ಮೊಳೆಯುವ ಮೊದಲೇ ಕಾಯಿಯ ಮೇಲೆ ತಾಮ್ರದ ಪೊರೆ ಇರಬೇಕು. ಕೊಳೆ ಬಿದ್ದ ಮೇಲೆ ಗಾಬರಿಯಿಂದ ಎರಡರಷ್ಟು ಹೊಡೆದರೆ ಲಾಭವಾಗುವುದು ಅಂಗಡಿಗೆ.

ಇನ್ನು ತಾಮ್ರದ ಲೆಕ್ಕ. ವಿದ್ಯಾರ್ಥಿ ಮಿತ್ರರು ಇದನ್ನು ತಮ್ಮ ಮನೆಯ ತೋಟಕ್ಕೆ ಹೊಂದಿಸಿ ಮಾಡಿ ನೋಡಲಿ. ಶೇಕಡ 1ರ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ. ಮೈಲುತುತ್ತದ ತೂಕದಲ್ಲಿ ಕಾಲು ಭಾಗ ಶುದ್ಧ ತಾಮ್ರ. ಎಕರೆಗೆ ಒಮ್ಮೆಗೆ 400 ಲೀಟರ್ ಬೇಕೆಂದಿಟ್ಟುಕೊಂಡರೆ 4 ಕಿಲೋ ಮೈಲುತುತ್ತ, ಅಂದರೆ 1 ಕಿಲೋ ತಾಮ್ರ. ಮೂರು ಬಾರಿ ಹೊಡೆದರೆ ವರ್ಷಕ್ಕೆ 3 ಕಿಲೋ. ಐರೋಪ್ಯ ಒಕ್ಕೂಟವು 2019ರಿಂದ ಹಾಕಿರುವ ಮಿತಿ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ, ಅಂದರೆ ಎಕರೆಗೆ ವರ್ಷಕ್ಕೆ ಸರಾಸರಿ 1.6 ಕಿಲೋ. ತಾಮ್ರ ಕೊಳೆಯುವ ವಸ್ತುವಲ್ಲ. ಅಜ್ಜ ಹೊಡೆಸಿದ ತಾಮ್ರದ ಬಹುಪಾಲು ಮೊಮ್ಮಗನ ಕಾಲದಲ್ಲಿಯೂ ಮಣ್ಣಿನಲ್ಲಿರುತ್ತದೆ. ಮಿತಿಮೀರಿದಾಗ ಎರೆಹುಳುವಿಗೂ ಬೇರಿನ ಶಿಲೀಂಧ್ರಕ್ಕೂ ಅದು ವಿಷ. ನೂರು ವರ್ಷದ ತೋಟಗಳ ಮಣ್ಣಿನಲ್ಲಿ ಎಷ್ಟು ತಾಮ್ರ ಕೂಡಿದೆ ಎಂಬುದನ್ನು ಮಣ್ಣು ಪರೀಕ್ಷೆಯಲ್ಲಿ ಕೇಳಿ ತಿಳಿಯುವ ಹಕ್ಕು ನಮಗಿದೆ. ನಾವು ಕೇಳುತ್ತಿಲ್ಲ.

ಎಲೆಚುಕ್ಕಿ ಬಂದ ಮೇಲೆ ತಾಮ್ರದ ಜೊತೆಗೆ ಪ್ರೋಪಿಕೊನಜೋಲ್, ಟೆಬುಕೊನಜೋಲ್‌ನಂತಹ ಅಂತರ್ವ್ಯಾಪಿ ಮದ್ದುಗಳೂ ತೋಟಕ್ಕೆ ಬಂದವು. ಇವು ಎಲೆಯ ಒಳಗೆ ಹೊಕ್ಕು ಕೆಲಸ ಮಾಡುವಂಥವು. ನಮ್ಮ ತೋಟಗಳು ಕಣಿವೆಯ ತಳದಲ್ಲಿವೆ. ತೋಟದ ನೀರು ಹಳ್ಳಕ್ಕೆ, ಹಳ್ಳದ ನೀರು ಕೆಳಗಿನ ಊರಿನ ಬಾವಿಗೆ ಹೋಗುತ್ತದೆ. ಮದ್ದು ಹೊಡೆಯುವವರು ಮುಖಕ್ಕೆ ಒಂದು ಟವೆಲು ಸುತ್ತಿಕೊಂಡಿರುತ್ತಾರೆ, ಅಷ್ಟೇ. ಮದ್ದಿನ ಬೆಲೆಯ ಲೆಕ್ಕದಲ್ಲಿ ಅವರ ಆರೋಗ್ಯವನ್ನು ನಾವು ಸೇರಿಸುವುದಿಲ್ಲ.

ತೋಟದಿಂದ ಆಸ್ಪತ್ರೆಗೆ

ಮನುಷ್ಯರಿಗೆ ಶಿಲೀಂಧ್ರದಿಂದ ಬರುವ ತೊಂದರೆಯನ್ನು ಬೆಳೆಯ ರೋಗದಿಂದ ಬೇರೆಯಾಗಿಟ್ಟು ನೋಡುವುದು ನಮ್ಮ ವಾಡಿಕೆ. ಅದೂ ಒಂದು ಬೇಲಿಯೇ.

ಸಾಮಾನ್ಯವಾಗಿ ನಮ್ಮ ಮೈಯ ಬಿಸಿಯೇ ನಮಗೆ ರಕ್ಷಣೆ. ಹೆಚ್ಚಿನ ಶಿಲೀಂಧ್ರಗಳು 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೆಳೆಯಲಾರವು. ಆರೋಗ್ಯವಂತರು ದಿನವೂ ಸಾವಿರಾರು ಬೀಜಕಣಗಳನ್ನು ಉಸಿರಾಡಿಯೂ ಸುಖವಾಗಿರುತ್ತಾರೆ. ದೇಹದ ಕಾವಲು ಸಡಿಲವಾದಾಗ ಮಾತ್ರ ಅಪಾಯ. 2021ರಲ್ಲಿ ಕೋವಿಡ್ಡಿನ ಎರಡನೆಯ ಅಲೆಯ ಹಿಂದೆಯೇ ಬಂದ “ಕಪ್ಪು ಶಿಲೀಂಧ್ರ”ವನ್ನು ನೆನೆಯಿರಿ. ದೇಶದಲ್ಲಿ 40,000ಕ್ಕೂ ಹೆಚ್ಚು ಜನರಿಗೆ ಆ ರೋಗ ತಗಲಿತು. ಆ ಶಿಲೀಂಧ್ರ ಹೊಸದಲ್ಲ, ಮಣ್ಣು ಮತ್ತು ಕೊಳೆಯುವ ಎಲೆಗಳಲ್ಲಿ ಎಂದೂ ಇರುವಂಥದು. ಬಣ್ಣವೂ ಕಪ್ಪಲ್ಲ, ಅದು ಕೊಂದ ಅಂಗಾಂಶ ಕಪ್ಪಾಗುತ್ತದೆ. ಒಬ್ಬರಿಂದ ಒಬ್ಬರಿಗೆ ಅದು ಹರಡುವುದೂ ಇಲ್ಲ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಮತ್ತು ಮಿತಿಮೀರಿ ಬಳಸಿದ ಸ್ಟೀರಾಯ್ಡ್ ಅದಕ್ಕೆ ಬಾಗಿಲು ತೆರೆದವು.

ಹುಳುಕಡ್ಡಿಯ ಕಥೆಯೂ ಇಂಥದೇ. ಮಳೆಗಾಲದಲ್ಲಿ ಒದ್ದೆ ಬಟ್ಟೆಯಲ್ಲಿ ದುಡಿಯುವವರಿಗೆ ಇದು ಹಳೆಯ ಕಾಟ. ಹಿಂದೆ ಕೆಲವು ವಾರಗಳ ಮುಲಾಮಿಗೆ ಹೋಗುತ್ತಿದ್ದುದು ಈಗ ವರ್ಷಗಟ್ಟಲೆ ಕಾಡುತ್ತಿದೆ. ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದು ಹಚ್ಚುವ ಸ್ಟೀರಾಯ್ಡ್ ಬೆರೆತ ಮುಲಾಮುಗಳು ತುರಿಕೆಯನ್ನು ಒಂದು ದಿನದಲ್ಲಿ ಅಡಗಿಸುತ್ತವೆ, ಶಿಲೀಂಧ್ರವನ್ನು ಬೆಳೆಯಲು ಬಿಡುತ್ತವೆ. ಔಷಧಿಗೆ ಜಗ್ಗದ ಇಂತಹ ಒಂದು ಶಿಲೀಂಧ್ರಕ್ಕೆ 2020ರಲ್ಲಿ ವಿಜ್ಞಾನಿಗಳು ಟ್ರೈಕೊಫೈಟನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ಹೆಸರಿನಲ್ಲಿಯೇ ನಮ್ಮ ದೇಶ ಸೇರಿಕೊಂಡಿದೆ.

ಇನ್ನು ತೋಟಕ್ಕೂ ಆಸ್ಪತ್ರೆಗೂ ಇರುವ ನೇರ ಸಂಬಂಧ. ಆಸ್ಪರ್ಜಿಲಸ್ ಫ್ಯುಮಿಗೇಟಸ್ ಎಂಬುದು ಗೊಬ್ಬರದ ರಾಶಿಯಲ್ಲಿ, ಕೊಳೆಯುವ ಎಲ್ಲದರಲ್ಲಿ ಬೆಳೆಯುವ ಶಿಲೀಂಧ್ರ. ಶಾಖವನ್ನು ತಾಳಬಲ್ಲದು, ದುರ್ಬಲರ ಶ್ವಾಸಕೋಶಕ್ಕೆ ಹೊಕ್ಕರೆ ಪ್ರಾಣಕ್ಕೆ ಕುತ್ತು. ಅದಕ್ಕೆ ವೈದ್ಯರು ಕೊಡುವ ಮುಖ್ಯ ಔಷಧಿಗಳು ಇಟ್ರಾಕೊನಜೋಲ್, ವೊರಿಕೊನಜೋಲ್. ಈ ಹೆಸರುಗಳ ಬಾಲವನ್ನು ಗಮನಿಸಿ. ತೋಟಕ್ಕೆ ಹೊಡೆಯುವ ಪ್ರೋಪಿಕೊನಜೋಲ್, ಟೆಬುಕೊನಜೋಲ್‌ಗಳದೂ ಅದೇ ವಂಶ. ಹೊಲದಲ್ಲಿ ಈ ಮದ್ದಿಗೆ ಒಗ್ಗಿಕೊಂಡ ಬೀಜಕಣಗಳು ಮನುಷ್ಯರನ್ನು ಸೇರಿದಾಗ ವೈದ್ಯರ ಔಷಧಿಗೂ ಮಣಿಯುವುದಿಲ್ಲ ಎಂಬುದನ್ನು ಮೊದಲು ನೆದರ್ಲೆಂಡಿನ ಸಂಶೋಧಕರು ಎತ್ತಿ ತೋರಿಸಿದರು. ಇಂತಹ ಬೀಜಕಣಗಳು ಭಾರತದ ಮಣ್ಣಿನಲ್ಲಿಯೂ ಇವೆಯೆಂದು ದೆಹಲಿಯ ವಿಜ್ಞಾನಿಗಳು 2012ರಲ್ಲಿ ವರದಿ ಮಾಡಿದರು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿಯಲ್ಲಿ ಇದು ಮೊದಲ ದರ್ಜೆಯಲ್ಲಿದೆ. ನಾವು ಎಲೆಯ ಚುಕ್ಕಿಗೆ ಹೊಡೆದದ್ದು ಎಲೆಯಲ್ಲಿಯೇ ಉಳಿಯುವುದಿಲ್ಲ.

ಮನೆಯ ಅಟ್ಟದಲ್ಲಿಯೂ ಒಂದು ಎಚ್ಚರ ಬೇಕು. ಸರಿಯಾಗಿ ಒಣಗದ ಶೇಂಗಾ, ಜೋಳಗಳಲ್ಲಿ ಬೆಳೆಯುವ ಒಂದು ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಗಡಿಸೀಮೆಯ ಹಳ್ಳಿಗಳಲ್ಲಿ, ಅಕಾಲಿಕ ಮಳೆಗೆ ನೆನೆದ ಮುಸುಕಿನ ಜೋಳ ತಿಂದು ನೂರಕ್ಕೂ ಹೆಚ್ಚು ಮಂದಿ ಯಕೃತ್ತು ಕೆಟ್ಟು ಸತ್ತರು. ಬೇಯಿಸಿದರೂ ಆ ವಿಷ ಪೂರ್ತಿ ಹೋಗುವುದಿಲ್ಲ. ಬೂಷ್ಟು ಹಿಡಿದುದನ್ನು ತೊಳೆದು ಒರೆಸಿ ಬಳಸುವುದಾಗಲಿ, ಕೆಲಸದವರಿಗೆ ಕೊಡುವುದಾಗಲಿ, ದನಕ್ಕೆ ಹಾಕುವುದಾಗಲಿ ಕೂಡದು. ಕಾಡಿನ ಅಣಬೆಯ ವಿಷಯದಲ್ಲಿಯೂ ಅಷ್ಟೇ. ಬೆಳ್ಳಿ ಚಮಚ, ಬೆಳ್ಳುಳ್ಳಿ ಹಾಕಿ ವಿಷ ಪರೀಕ್ಷಿಸುವ ಉಪಾಯಗಳಿಗೆ ಯಾವ ಆಧಾರವೂ ಇಲ್ಲ. ತಲೆಮಾರಿನಿಂದ ಬಲ್ಲವರು ಗುರುತಿಸಿದ ಅಣಬೆಯನ್ನು ಮಾತ್ರ ತಿನ್ನಬೇಕು.

ಮುಯ್ಯಾಳಿನ ದಾರಿ

ಹಾಗಾದರೆ ಆ ಹಿರಿಯರಿಗೆ ನಾವು ಕೊಡಬೇಕಾದ ಉತ್ತರವೇನು? ಮದ್ದು ನಿಲ್ಲಿಸಿ ಎಂದಲ್ಲ. ಕೊಳೆಗೆ ಸಿಕ್ಕ ತೋಟದ ಒಡೆಯರಿಗೆ ಹಾಗೆ ಉಪದೇಶಿಸುವುದು ಕ್ರೌರ್ಯ. ಮದ್ದಿಗೆ ಮೊದಲು ಮಾಡಬೇಕಾದ ಕೆಲಸವನ್ನು ಊರೇ ಕೂಡಿ ಮಾಡಬೇಕು ಎಂಬುದೇ ಉತ್ತರ.

ಮಳೆಗಾಲಕ್ಕೆ ಮೊದಲು ಒಂದು ವಾರವನ್ನು ಊರು ಗೊತ್ತುಮಾಡಿಕೊಳ್ಳಲಿ. ಆ ವಾರದಲ್ಲಿ ಕಣಿವೆಯ ಎಲ್ಲ ತೋಟಗಳ ಒಣಕೊನೆ, ಕೊಳೆಗಾಯಿ, ರೋಗದ ಸೋಗೆಗಳು ತೋಟದಿಂದ ಹೊರಬರಬೇಕು. ಎಲ್ಲ ಬಸಿಗಾಲುವೆಗಳೂ ತೆರೆಯಬೇಕು. ಎಲೆಚುಕ್ಕಿ ಬಲಿತ ಕೆಳಗಿನ ಸೋಗೆಯನ್ನು ಮಾತ್ರ ಕತ್ತರಿಸಬೇಕು. ಹಸಿರು ಸೋಗೆಗೆ ಕೈಹಚ್ಚಿದರೆ ಮರ ಸೊರಗುತ್ತದೆ. ಕತ್ತರಿಸಿದ್ದನ್ನು ಸುಡಬೇಕು, ಇಲ್ಲವೇ ಚೆನ್ನಾಗಿ ಕಾವೇರುವ ಗೊಬ್ಬರದ ಗುಂಡಿಯಲ್ಲಿ ಹೂಳಬೇಕು.

ಆಳು ಎಲ್ಲಿದ್ದಾರೆ ಎಂಬ ಪ್ರಶ್ನೆ ನ್ಯಾಯವಾದದ್ದು. ಆದರೆ ನಾಟಿಗೆ, ಸೋಗೆ ಹೊದಿಕೆಗೆ ಮುಯ್ಯಾಳು ಕೂಡಿ ಬದುಕಿದ ನಾಡು ನಮ್ಮದು. ಇಂದು ಫೈಬರ್ ದೋಟಿ ಬಂದಿರುವುದರಿಂದ ನೆಲದಲ್ಲಿ ನಿಂತೇ ಒಣಕೊನೆಯನ್ನು ಇಳಿಸಬಹುದು. ಮನೆಗೊಬ್ಬರಂತೆ ಹತ್ತು ಮಂದಿ ಸೇರಿದರೆ ಪಾಳುತೋಟವನ್ನೂ ಸ್ವಚ್ಛ ಮಾಡಬಹುದು. ಊರು ಬಿಟ್ಟವರು ನಮ್ಮ ಶತ್ರುಗಳಲ್ಲ. ಅವರಿಗೆ ಪತ್ರ ಬರೆದು ಒಪ್ಪಿಗೆ ಪಡೆಯೋಣ, ಖರ್ಚನ್ನು ಅವರು ಭರಿಸಲಿ. ಸಹಕಾರ ಸಂಘಗಳು ಮೈಲುತುತ್ತಕ್ಕೆ ಸಾಲ ಕೊಡುವಂತೆ ಈ ಸ್ವಚ್ಛತೆಗೂ ಸಾಲ ಕೊಡಲಿ. ಮೊದಲ ಮದ್ದು ಇಡೀ ಕಣಿವೆಗೆ ಒಂದೇ ವಾರದಲ್ಲಿ, ಮಳೆ ಹಿಡಿಯುವ ಮೊದಲು ಬೀಳಲಿ. ಅಂತರ್ವ್ಯಾಪಿ ಮದ್ದನ್ನು ರೋಗ ನಿಜವಾಗಿ ಹರಡುತ್ತಿರುವ ತೋಟಕ್ಕೆ, ತಜ್ಞರು ಹೇಳಿದ ಪ್ರಮಾಣದಲ್ಲಿ, ಕೊನೆಯ ಉಪಾಯವಾಗಿ ಮಾತ್ರ ಬಳಸೋಣ.

ಇನ್ನೊಂದು ಎಚ್ಚರಿಕೆ. ರೋಗದ ಭಯದಿಂದ ಬೆಟ್ಟದ ದರಕನ್ನೇ ಗುಡಿಸಿ ಸುಡುವವರು, ಮಾರುವವರು ಇದ್ದಾರೆ. ಹಿಂದೊಮ್ಮೆ ನಾನೂ ಸುಟ್ಟಿದ್ದೇನೆ. ತೋಟದ ರೋಗದ ಸೋಗೆ ಬೇರೆ, ಬೆಟ್ಟದ ದರಕು ಬೇರೆ. ಮೊದಲನೆಯದು ರೋಗದ ಮನೆ, ಎರಡನೆಯದು ನಮ್ಮ ಮಣ್ಣಿನ ಶಿಲೀಂಧ್ರಗಳ ತವರು. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟಿದ್ದರಲ್ಲಿ ಅರ್ಥವಿತ್ತು. ಬೆಟ್ಟದ ಮರ ಉಳಿಸಿ, ದರಕಿನ ಒಂದು ಪಾಲನ್ನಾದರೂ ಬೆಟ್ಟಕ್ಕೇ ಬಿಟ್ಟರೆ ಮಾತ್ರ ಆ ಒಪ್ಪಂದ ನಡೆಯುತ್ತದೆ. ಕಾಡುಸಸಿ ಬೆಳೆಸುವವರು ತಾಯಿಮರದ ಬುಡದ ಒಂದು ಹಿಡಿ ಮಣ್ಣನ್ನು ಸಸಿಯ ತೊಟ್ಟೆಗೆ ಸೇರಿಸಲಿ. ಬೇರಿನ ಜೊತೆಗಾರ ಅದರೊಡನೆ ಬರುತ್ತಾನೆ.

ವಿದ್ಯಾರ್ಥಿಗಳಿಗೆ ಒಂದು ಕೆಲಸವಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ದಾಖಲಾತಿ ನಡೆಯಬೇಕು. ಆ ದಾಖಲೆಗಳಲ್ಲಿ ಮರ, ಹಕ್ಕಿ, ಮೀನುಗಳಿಗೆ ಪುಟಗಳಿವೆ. ಅಣಬೆಗೂ ಒಂದು ಪುಟ ತೆರೆಯಿರಿ. ಯಾವ ಅಣಬೆ ಯಾವ ಮಳೆಗೆ, ಯಾವ ಮರದ ಬುಡದಲ್ಲಿ, ಯಾವ ಹುತ್ತದ ಬಳಿ ಏಳುತ್ತದೆ, ಊರಿನಲ್ಲಿ ಅದಕ್ಕೆ ಏನೆಂದು ಕರೆಯುತ್ತಾರೆ ಎಂದು ನಿಮ್ಮ ಅಜ್ಜಿಯರನ್ನು ಕೇಳಿ ಬರೆದಿಡಿ. ಅಣಬೆಯ ಕೊಡೆಯನ್ನು ರಾತ್ರಿ ಕಾಗದದ ಮೇಲೆ ಬಟ್ಟಲು ಮುಚ್ಚಿಟ್ಟರೆ ಬೆಳಿಗ್ಗೆ ಬೀಜಕಣಗಳ ಪುಡಿ ರಂಗೋಲಿಯಂತೆ ಬಿದ್ದಿರುತ್ತದೆ. ಆ ಪುಡಿಯ ಒಂದು ಚಿಟಿಕೆಯಲ್ಲಿ ಎಣಿಸಲಾಗದಷ್ಟು ಬೀಜಕಣಗಳಿವೆ. ಕಾಗದವನ್ನು ಎತ್ತಿ ಉಫ್ ಎಂದು ಊದಿ ನೋಡಿ, ಅವು ಯಾರ ಮನೆಯ ಬೇಲಿಯನ್ನೂ ಕೇಳುವುದಿಲ್ಲ.

ಬರುವ ವೈಶಾಖದಲ್ಲಿ ನಮ್ಮೂರ ಪಾಳುತೋಟದ ಒಣಕೊನೆ ಇಳಿಸಲು ಹನ್ನೊಂದು ಮನೆಯವರು ಒಪ್ಪಿದ್ದಾರೆ. ಆ ಹಿರಿಯರೂ ಕತ್ತಿ ಹಿಡಿದು ಬರುವುದಾಗಿ ಹೇಳಿದ್ದಾರೆ. ನಿಮ್ಮ ಕಣಿವೆಯಲ್ಲಿ ಎಷ್ಟು ಪಾಳುತೋಟಗಳಿವೆ, ಎಣಿಸಿ ನೋಡಿ.